ಕಾಯಕತತ್ತ್ವವೂ ಕೆಲಸ ಸಿಗದ ನಗರವೂ

ದುಡಿಯುವ ಮನಸ್ಸಿದ್ದೂ ದುಡಿಮೆ ಸಿಗದವನ ವಿಷಯದಲ್ಲಿ ಸಮಾಜದ ಹೊಣೆ ಏನು? ಅರ್ಥಶಾಸ್ತ್ರ ಹುಟ್ಟುವುದಕ್ಕೆ ಬಹಳ ಮೊದಲೇ ಧರ್ಮಚಿಂತನೆ ಈ ಪ್ರಶ್ನೆಯನ್ನು ಎದುರಿಸಿತ್ತು. ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಕೊಟ್ಟ ಉತ್ತರ ಕಾಯಕ ಮತ್ತು ದಾಸೋಹ. ಯಾವ ಕಸುಬೂ ಕೀಳಲ್ಲ, ಪ್ರತಿಯೊಬ್ಬರೂ ಸತ್ಯಶುದ್ಧವಾಗಿ ದುಡಿದೇ ಉಣ್ಣಬೇಕು, ಅಗತ್ಯ ಮೀರಿ ಬಂದದ್ದು ಸಮುದಾಯಕ್ಕೆ ಸಲ್ಲಬೇಕು ಎಂಬುದು ಅದರ ತಿರುಳು. ಈ ತತ್ತ್ವ ರೂಪುಗೊಂಡದ್ದು ಹಳ್ಳಿಯಲ್ಲಲ್ಲ, ಬಿಜ್ಜಳನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಹಲವು ಸೀಮೆಗಳಿಂದ ಬಂದು ಸೇರಿದ ಮಡಿವಾಳ, ಅಂಬಿಗ, ಮೇದಾರ, ಸಮಗಾರರ ನಡುವೆ. ವಲಸೆಯ ನಗರದಲ್ಲಿ ಹುಟ್ಟಿದ ವಿಚಾರವಾದ್ದರಿಂದಲೇ ಇಂದಿನ ನಗರೀಕರಣ ಮತ್ತು ನಿರುದ್ಯೋಗದ ಚರ್ಚೆಗೆ ಅದು ಹೊರಗಿನದಲ್ಲ.

ಅಭಿವೃದ್ಧಿಶೀಲ ದೇಶಗಳಲ್ಲಿ ಜನ ಊರು ಬಿಟ್ಟು ನಗರ ಸೇರುವುದನ್ನು ಅರ್ಥಶಾಸ್ತ್ರ ಮೊದಲು ಆಶಾಭಾವದಿಂದಲೇ ನೋಡಿತು. 1954ರಲ್ಲಿ ಆರ್ಥರ್ ಲೂಯಿಸ್ ಮಂಡಿಸಿದ ಮಾದರಿಯ ಪ್ರಕಾರ, ಹೊಲದಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿರುವ ಕೈಗಳನ್ನು ನಗರದ ಕೈಗಾರಿಕೆ ಎಳೆದುಕೊಳ್ಳುತ್ತದೆ, ಲಾಭ ಮರುಹೂಡಿಕೆಯಾಗುತ್ತದೆ, ಹೆಚ್ಚುವರಿ ಕೈಗಳು ಮುಗಿದ ಮೇಲೆ ಕೂಲಿ ಏರುತ್ತದೆ. ಭಾರತದಲ್ಲಿ ಈ ಸರಪಳಿ ನಡುವೆಯೇ ತುಂಡಾಯಿತು. 1951ರಲ್ಲಿ ನಗರವಾಸಿಗಳು ಶೇ 17ರಷ್ಟಿದ್ದರು, 2011ರ ಜನಗಣತಿಯಲ್ಲಿ ಶೇ 31 ದಾಟಿದರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ 38.7. ಆದರೆ ಬಂದವರಲ್ಲಿ ಬಹುಪಾಲು ಜನರನ್ನು ಕಾರ್ಖಾನೆ ಒಳಗೆ ಕರೆಯಲಿಲ್ಲ. ಅವರು ಸೇರಿದ್ದು ಕಟ್ಟಡದ ಕೆಲಸ, ತಳ್ಳುಗಾಡಿ, ಮನೆಗೆಲಸ, ಕಾವಲು, ಸರಕು ಸಾಗಣೆ ಇವುಗಳಿಗೆ. ಕೃಷಿಯಿಂದ ಬರುವ ಆದಾಯ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗದ ಆಸುಪಾಸಿನಲ್ಲಿದೆ, ಅದನ್ನು ನೆಚ್ಚಿಕೊಂಡವರು ಮಾತ್ರ ದುಡಿಯುವವರಲ್ಲಿ ಇಂದಿಗೂ ಶೇ 46ರಷ್ಟಿದ್ದಾರೆ.

ಕೆಲಸ ಖಾತ್ರಿಯಿಲ್ಲ ಎಂದು ಗೊತ್ತಿದ್ದೂ ಜನ ಯಾಕೆ ಬರುತ್ತಲೇ ಇರುತ್ತಾರೆ ಎಂಬುದನ್ನು 1970ರಲ್ಲಿ ಜಾನ್ ಹ್ಯಾರಿಸ್ ಮತ್ತು ಮೈಕೆಲ್ ಟೊಡಾರೊ ವಿವರಿಸಿದರು. ಊರು ಬಿಡುವವನು ನಗರದ ಕೂಲಿಯನ್ನು ಮಾತ್ರ ನೋಡುವುದಿಲ್ಲ, ಅದು ತನಗೆ ಸಿಗುವ ಸಾಧ್ಯತೆಯನ್ನೂ ಲೆಕ್ಕ ಹಾಕುತ್ತಾನೆ. ಹಳ್ಳಿಯಲ್ಲಿ ದಿನಕ್ಕೆ 300 ರೂಪಾಯಿ, ನಗರದಲ್ಲಿ 800 ರೂಪಾಯಿ ಎಂದಿಟ್ಟುಕೊಂಡರೆ, ಎರಡು ದಿನಕ್ಕೊಮ್ಮೆ ಕೆಲಸ ಸಿಕ್ಕರೂ ನಗರವೇ ಲಾಭ. ಇದರಿಂದ ಹೊರಡುವ ತೀರ್ಮಾನ ಆಡಳಿತಗಾರರಿಗೆ ಕಹಿಯಾದದ್ದು: ನಗರದಲ್ಲಿ ಮಾತ್ರ ಹೊಸ ಉದ್ಯೋಗ ಸೃಷ್ಟಿಸಿದರೆ, ಆ ಉದ್ಯೋಗಗಳಿಗಿಂತ ಹೆಚ್ಚು ಮಂದಿ ಅದನ್ನು ಅರಸಿ ಬರಬಹುದು, ನಿರುದ್ಯೋಗ ಇಳಿಯುವ ಬದಲು ಏರಬಹುದು. ಹಾಗಾಗಿ ನಗರದ ನಿರುದ್ಯೋಗಕ್ಕೆ ಮದ್ದಿನ ಒಂದು ಪಾಲು ಹಳ್ಳಿಯ ಕೂಲಿಯಲ್ಲೇ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಗಳಿಂದ ಬೆಂಗಳೂರು, ಹೈದರಾಬಾದ್, ಮುಂಬೈಗಳಿಗೆ ವರ್ಷವರ್ಷವೂ ಗುಳೆ ಹೋಗುವ ಕುಟುಂಬಗಳ ಲೆಕ್ಕಾಚಾರವೂ ಇದೇ. ಒಂದು ಕಾಲಕ್ಕೆ ಕಾಯಕ ಅರಸಿದವರನ್ನು ಸೆಳೆದ ಕಲ್ಯಾಣದ ನೆಲ ಇಂದು ಕೂಲಿಯವರನ್ನು ಹೊರಗೆ ಕಳಿಸುತ್ತಿದೆ.

ಆರ್ಥಿಕ ಪರಿಣಾಮಗಳಿಗೆ ಎರಡು ಮುಖಗಳಿವೆ. ಜನ, ಮಾರುಕಟ್ಟೆ, ಕೌಶಲ ಒಂದೆಡೆ ಸೇರಿದಾಗ ಉತ್ಪಾದಕತೆ ಏರುತ್ತದೆ. ದೇಶದ ಉತ್ಪನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ನಗರಗಳಿಂದ ಬರುವುದು ಅದರಿಂದಲೇ. ಗುಳೆ ಹೋದವರು ಕಳಿಸುವ ಹಣ ಊರಿನ ಸಾಲ ತೀರಿಸುತ್ತದೆ, ಮಕ್ಕಳ ಶುಲ್ಕ ಕಟ್ಟುತ್ತದೆ. ಇನ್ನೊಂದು ಮುಖ: ಕೆಲಸಕ್ಕಿಂತ ಕೈಗಳು ಹೆಚ್ಚಾದಾಗ ಕೂಲಿ ಕುಸಿಯುತ್ತದೆ, ದುಡಿದದ್ದರಲ್ಲಿ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ, ಕೈಯಲ್ಲಿ ಕಾಸಿಲ್ಲದವರು ಸರಕು ಕೊಳ್ಳುವುದಿಲ್ಲ, ಬೇಡಿಕೆ ಕುಗ್ಗಿ ಹೊಸ ಉದ್ಯೋಗವೂ ಹುಟ್ಟುವುದಿಲ್ಲ. ಅನೌಪಚಾರಿಕ ವಲಯದಿಂದ ತೆರಿಗೆ ಅಷ್ಟಾಗಿ ಬಾರದ್ದರಿಂದ ನೀರು, ಚರಂಡಿ, ಸಾರಿಗೆಗೆ ಪಾಲಿಕೆಯ ಬಳಿ ಹಣವಿರುವುದಿಲ್ಲ. 2020ರ ಮಾರ್ಚ್‌ನ ಲಾಕ್‌ಡೌನ್ ಈ ನಗರಜೀವನ ಎಷ್ಟು ಸಡಿಲವಾದುದೆಂದು ತೋರಿಸಿತು. ಕೆಲಸ ನಿಂತ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರ ಕಡೆ ನಡೆದರು. ದುಡಿಯುವವರಲ್ಲಿ ಕೃಷಿಯ ಪಾಲು 2018-19ರಲ್ಲಿ ಶೇ 42.5 ಇದ್ದದ್ದು 2020-21ರಲ್ಲಿ ಶೇ 46.5ಕ್ಕೆ ಏರಿತು. ಅಭಿವೃದ್ಧಿಯ ಪಠ್ಯಗಳು ಹೇಳುವ ದಿಕ್ಕಿಗೆ ಇದು ತೀರಾ ವಿರುದ್ಧ.

ಇಷ್ಟಾದರೂ ಸರ್ಕಾರಿ ಸಮೀಕ್ಷೆಯಲ್ಲಿ ನಿರುದ್ಯೋಗದ ಪ್ರಮಾಣ ಸಣ್ಣದಾಗಿಯೇ ಕಾಣುತ್ತದೆ: 2023-24ರಲ್ಲಿ ನಗರಗಳಲ್ಲಿ ಶೇ 5.1, ಹಳ್ಳಿಗಳಲ್ಲಿ ಶೇ 2.5. ಕಾರಣ ಸರಳ. ಈ ಲೆಕ್ಕದಲ್ಲಿ ವರ್ಷಕ್ಕೆ ಮೂವತ್ತು ದಿನ ದುಡಿದವನೂ ಉದ್ಯೋಗಿಯೇ. ಬಡವನಿಗೆ ಸುಮ್ಮನೆ ಕೂತು ಒಳ್ಳೆಯ ಕೆಲಸಕ್ಕೆ ಕಾಯುವ ಅನುಕೂಲವಿಲ್ಲ. ಸಿಕ್ಕಿದ್ದನ್ನು ಮಾಡಿ ಅವನು ಉದ್ಯೋಗಿಗಳ ಪಟ್ಟಿಗೆ ಸೇರುತ್ತಾನೆ. ಓದಿದ ಯುವಕರಿಗೆ ಮನೆಯವರ ಆಸರೆ ಇರುವುದರಿಂದ ಅವರು ಕಾಯಬಲ್ಲರು, ಅಂಕಿಗಳಲ್ಲಿ ನಿರುದ್ಯೋಗಿಗಳಾಗಿ ಕಾಣುವವರು ಹೆಚ್ಚಾಗಿ ಅವರೇ.

ತತ್ತ್ವದ ತೊಡಕು ಇಲ್ಲೇ ಶುರುವಾಗುತ್ತದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಇಂದಿನ ಸಮೀಕ್ಷಕರ ಕೈಗೆ ಸಿಕ್ಕಿದ್ದರೆ ಮಾರಯ್ಯ ‘ಸ್ವಯಂ ಉದ್ಯೋಗಿ’ಯೆಂದು ದಾಖಲಾಗುತ್ತಿದ್ದ. ಹಾಗಾದರೆ ಬೆಂಗಳೂರಿನಲ್ಲಿ ಚಿಂದಿ ಆಯುವವರದ್ದೂ ಕಾಯಕವಲ್ಲವೇ? ಹೌದು, ಅವರು ನಗರದ ಕಸದ ಹೊರೆಯನ್ನು ಇಳಿಸುತ್ತಾರೆ, ಅದರ ಘನತೆ ಅಲ್ಲಗಳೆಯುವಂಥದ್ದಲ್ಲ. ಪಾಲಿಕೆ ಅವರಲ್ಲಿ ಹಲವರಿಗೆ ಗುರುತಿನ ಚೀಟಿ ಕೊಟ್ಟದ್ದು ತಡವಾಗಿಯಾದರೂ ಸರಿಯಾದ ಹೆಜ್ಜೆ. ಆದರೆ ‘ಯಾವ ಕೆಲಸವೂ ಕೀಳಲ್ಲ’ ಎಂಬ ಮಾತನ್ನು, ಪದವಿ ಪಡೆದವನಿಗೆ ‘ಸಿಕ್ಕಿದ್ದನ್ನು ಮಾಡು’ ಎಂದು ಬುದ್ಧಿ ಹೇಳಲು ಬಳಸುವುದು ತತ್ತ್ವವನ್ನು ತಲೆಕೆಳಗು ಮಾಡಿದಂತೆ. ಶರಣರು ಆ ಮಾತನ್ನು ಆಡಿದ್ದು ಹುಟ್ಟಿನ ಮೇಲೆ ಕಸುಬಿಗೆ ಮೇಲು ಕೀಳು ಕಟ್ಟುತ್ತಿದ್ದವರ ಎದುರು. ಅದು ದುಡಿಯುವವನಿಗೆ ಗೌರವ ಕೊಡಿ ಎಂಬ ಬೇಡಿಕೆ. ಕಡಿಮೆ ಕೂಲಿಗೆ ಕೊಟ್ಟ ಅನುಮತಿಯಲ್ಲ.

ಇನ್ನೂ ಮುಖ್ಯವಾದದ್ದು, ಕಾಯಕ ಎಲ್ಲೂ ಒಂಟಿಯಾಗಿ ನಿಲ್ಲುವುದಿಲ್ಲ. ದಾಸೋಹವಿಲ್ಲದ ಕಾಯಕ ಶರಣರ ದೃಷ್ಟಿಯಲ್ಲಿ ಅಪೂರ್ಣ. ವ್ಯಕ್ತಿ ದುಡಿಯಬೇಕು ಎಂಬ ಕಟ್ಟಳೆಗೆ ಸಮುದಾಯವು ತನ್ನ ಹೆಚ್ಚುವರಿಯನ್ನು ಹಂಚಿಕೊಳ್ಳಬೇಕು ಎಂಬ ಕಟ್ಟಳೆ ಜೋಡಿಯಾಗಿದೆ. ಇಂದಿನ ಭಾಷಣಗಳಲ್ಲಿ ಮೊದಲನೆಯದು ಮೊಳಗುತ್ತದೆ, ಎರಡನೆಯದು ಅನ್ನಸಂತರ್ಪಣೆಯ ಮಟ್ಟಕ್ಕೆ ಇಳಿದಿದೆ. ದುಡಿಮೆಯನ್ನು ಕರ್ತವ್ಯವೆನ್ನುವ ಸಮಾಜಕ್ಕೆ ದುಡಿಯುವ ಅವಕಾಶ ಕಲ್ಪಿಸುವ ಹೊಣೆಯೂ ಇರಬೇಕು. ಇಲ್ಲವಾದರೆ ಮಾಡಲಾಗದ್ದನ್ನು ಮಾಡಲಿಲ್ಲವೆಂದು ಮನುಷ್ಯನನ್ನು ತಪ್ಪಿತಸ್ಥನನ್ನಾಗಿ ಮಾಡಿದ ಹಾಗೆ.

ಭಾರತದ ಸಂವಿಧಾನ ಈ ಹೊಣೆಯನ್ನು ಅರ್ಧ ಒಪ್ಪಿಕೊಂಡಿದೆ. 41ನೆಯ ವಿಧಿ, ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ, ಕೆಲಸದ ಹಕ್ಕನ್ನು ದೊರಕಿಸಿಕೊಡುವಂತೆ ರಾಜ್ಯಕ್ಕೆ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ತ್ವ; ನ್ಯಾಯಾಲಯದ ಮೂಲಕ ಜಾರಿ ಮಾಡಿಸುವಂಥದ್ದಲ್ಲ. 1985ರಲ್ಲಿ ಮುಂಬೈನ ಪಾದಚಾರಿ ಮಾರ್ಗಗಳಲ್ಲಿ ವಾಸವಿದ್ದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನೋಪಾಯದ ಹಕ್ಕು ಬದುಕುವ ಹಕ್ಕಿನೊಳಗೇ ಸೇರಿದೆ ಎಂದಿತು, ಕ್ರಮಬದ್ಧವಾಗಿ ತೆರವುಗೊಳಿಸಲು ಮಾತ್ರ ಅಡ್ಡಿ ಮಾಡಲಿಲ್ಲ. 2005ರ ಉದ್ಯೋಗ ಖಾತರಿ ಕಾಯಿದೆ ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೂಲಿಯನ್ನು ಹಕ್ಕಾಗಿಸಿತು. ಹಳ್ಳಿಯ ಕೂಲಿಗೆ ಅದು ಒಂದು ತಳಮಟ್ಟ ಹಾಕಿಕೊಟ್ಟಿತು. ನಗರಕ್ಕೆ ಅಂಥ ಪ್ರಯತ್ನ ರಾಜ್ಯಗಳಿಂದ ಬಂತು: ಕೇರಳ 2010ರಲ್ಲಿ ಅಯ್ಯಂಕಾಳಿಯವರ ಹೆಸರಿನ ಯೋಜನೆ ತಂದಿತು, ರಾಜಸ್ಥಾನ 2022ರಲ್ಲಿ ಆ ದಾರಿ ಹಿಡಿಯಿತು. ಇಡೀ ದೇಶಕ್ಕೆ ಅನ್ವಯಿಸುವ ನಗರ ಉದ್ಯೋಗ ಖಾತರಿ ಕಾಯಿದೆಯನ್ನು ಸಂಸತ್ತು ಇನ್ನೂ ಮಾಡಿಲ್ಲ.