ಒಳಗೆ ಬಾ ಎನ್ನುವ ಕೋಟೆ

ಬೇಸಿಗೆ ರಜೆಗೆ ಅಕ್ಕನ ಮಗ ದೇವದುರ್ಗದಿಂದ ಬಂದಿದ್ದ. ರಾಯಚೂರಿನ ಬಿಸಿಲು ಏರುವ ಮೊದಲೇ ಅವನನ್ನು ಕೋಟೆಗೆ ಕರೆದುಕೊಂಡು ಹೋದೆ. ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲಿದೆ, 41 ಅಡಿಗೂ ಹೆಚ್ಚು ಉದ್ದ. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಈ ಕೋಟೆ ಕಟ್ಟಿಸಿದ ಎಂದು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಗಾಡಿಗೆ ಹೇರಿ, ಜಾನುವಾರುಗಳ ಉದ್ದನೆಯ ಸಾಲು ಹೂಡಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಹುಡುಗ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ.

ಒಳಕೋಟೆಯ ಗೋಡೆಯಲ್ಲಿ ಗಾರೆಯಿಲ್ಲ. ಕೆತ್ತಿದ ಕಲ್ಲುಗಳೇ ಒಂದಕ್ಕೊಂದು ಕಚ್ಚಿಕೊಂಡು ನಿಂತಿವೆ. ಅದರ ಸುತ್ತ ಆಮೇಲೆ ಎದ್ದ ಹೊರಗೋಡೆ, ಅದರಾಚೆ ಕಂದಕ. ಇಲ್ಲಿಯ ಒಂದೊಂದು ಏರ್ಪಾಡೂ ಬರುವವನನ್ನು ತಡೆಯಲಿಕ್ಕೆ. ಅವನು ಎಲ್ಲಿ ಎಡವಿದ ಎಂಬುದು ಅವನಿಗೆ ತಿಳಿಯಬಾರದು, ತಿಳಿಯುವಷ್ಟರಲ್ಲಿ ಅವನು ಉಳಿದಿರಬಾರದು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆ ಗೆದ್ದಾಗ, ಗೋಡೆಯ ಮೇಲೆ ತಲೆಯೆತ್ತಿದವರನ್ನು ಪೋರ್ಚುಗೀಸ್ ಬಂದೂಕಿನವರು ಕೆಡವುತ್ತಿದ್ದರು, ಆ ಮರೆಯಲ್ಲಿ ಉಳಿದವರು ಗೋಡೆಯ ಕಲ್ಲು ಕೀಳುತ್ತಿದ್ದರು ಎಂದು ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಬರೆದಿದ್ದಾನೆ. ಕೋಟೆ ತಾನಾಗಿ ಯಾರಿಗೂ ದಾರಿ ಹೇಳಿಕೊಡುವುದಿಲ್ಲ.

ಅದೇ ರಾತ್ರಿ ಹುಡುಗ ಲ್ಯಾಪ್‌ಟಾಪ್ ತೆರೆದು ‘ಡಾರ್ಕ್ ಸೋಲ್ಸ್’ ಆಡಲು ಕೂತ. 2011ರ ಆಟ. ಅವನು ಹೊಕ್ಕಿದ್ದೂ ಒಂದು ಕೋಟೆಯನ್ನೇ. ‘ಸೆನ್ಸ್ ಫೋರ್ಟ್ರೆಸ್’ ಅಂತ ಅದರ ಹೆಸರು. ಬಾಗಿಲು ದಾಟಿದ ಕೂಡಲೇ ನೆಲದಲ್ಲಿ ಚೂರು ಉಬ್ಬಿದ ಒಂದು ಹಾಸುಗಲ್ಲು. ತುಳಿದ, ಗೋಡೆಯಿಂದ ಬಾಣ ಬಂದು ಬಡಿದವು. ಒಳಗೆ ಇಕ್ಕಟ್ಟಾದ ಸೇತುವೆ, ಅದರ ಮೇಲೆ ಅತ್ತಿಂದಿತ್ತ ತೂಗುವ ಕೊಡಲಿಗಳು. ಮುಂದೆ ಇಳಿಜಾರಿನಲ್ಲಿ ಉರುಳಿ ಬರುವ ಗುಂಡುಕಲ್ಲು. ಒಂದು ತಾಸಿನಲ್ಲಿ ಹತ್ತಾರು ಸಲ ಸತ್ತ. ಬೇಸರ ಬರುವುದಿಲ್ಲವೇನೋ ಎಂದು ಕೇಳಿದೆ.

“ಇಲ್ಲ ಮಾಮಾ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತೈತಿ. ಅದಕ್ಕ ಇನ್ನೊಮ್ಮೆ ಆಡಬೇಕು ಅನಸ್ತೈತಿ.”

ಆ ಮಾತು ನನ್ನನ್ನು ನಿದ್ದೆಗೆಡಿಸಿತು. ಬೆಳಿಗ್ಗೆ ನೋಡಿದ ಕೋಟೆಯಲ್ಲೂ ರಾತ್ರಿಯ ಕೋಟೆಯಲ್ಲೂ ಇರುವುದು ಅದೇ ಗೋಡೆ, ಅದೇ ಇಕ್ಕಟ್ಟು, ಅದೇ ಬಾಣ. ಕಟ್ಟಿದವನ ಮನಸ್ಸು ಮಾತ್ರ ಬೇರೆ. ರಾಯಚೂರಿನ ಗೋಡೆ ಎತ್ತಿದವನಿಗೆ ನಾವು ಒಳಗೆ ಬರಬಾರದಾಗಿತ್ತು. ಆಟದ ಕೋಟೆ ಕಟ್ಟಿದವನಿಗೆ ನಾವು ತುದಿ ಮುಟ್ಟಲೇಬೇಕು, ಆದರೆ ನಮ್ಮ ಕಾಲಿನ ಮೇಲೆ ನಡೆದು. ಅದಕ್ಕೇ ಆ ಮೊದಲ ಹಾಸುಗಲ್ಲನ್ನು ಕಣ್ಣಿಗೆ ಬೀಳುವಂತೆ ಉಬ್ಬಿಸಿಟ್ಟಿದ್ದಾನೆ. ಮೊದಲ ಪೆಟ್ಟು ಬಾಗಿಲಲ್ಲೇ ಬೀಳುತ್ತದೆ, ಪಾಠವೂ ಅಲ್ಲೇ ಆಗುತ್ತದೆ. ಆಮೇಲೆ ಅಂಥದೇ ಕಲ್ಲು ಕಂಡಾಗ ಕಾಲು ತಾನಾಗಿಯೇ ತಡೆಯುತ್ತದೆ.

1974ರ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಿಂದ ಬೆಳೆದು ಬಂದ ಆಟಗಳಲ್ಲಿ ಇಂಥ ಜಾಗಗಳಿಗೆ ಡಂಜನ್ ಅನ್ನುತ್ತಾರೆ. ಅದರ ಸುಖ ರಾಕ್ಷಸನನ್ನು ಕೊಲ್ಲುವುದರಲ್ಲಿದೆ, ನಿಧಿ ಸಿಗುವುದರಲ್ಲಿದೆ ಎಂದುಕೊಂಡಿದ್ದೆ. ಹುಡುಗನ ಪಕ್ಕ ಕೂತು ನಾಲ್ಕು ರಾತ್ರಿ ನೋಡಿದ ಮೇಲೆ ಬೇರೆಯದೇ ಕಂಡಿತು. ಅದೇ ಆಟದಲ್ಲಿ ಒಂದು ಇಗರ್ಜಿಯಿದೆ. ಬಹಳ ದೂರ ಬಂದೆವು, ಇನ್ನು ಹಿಂದಿರುಗಲಾರೆವು ಅನ್ನಿಸುವಾಗ ಅಲ್ಲಿ ಒಂದು ಲಿಫ್ಟ್ ಸಿಗುತ್ತದೆ. ಅದರಲ್ಲಿ ಇಳಿದರೆ ಸಿಗುವುದು ಪಯಣ ಶುರುವಾದ ‘ಫೈರ್‌ಲಿಂಕ್ ಶ್ರೈನ್’, ಬೆಂಕಿ ಉರಿಯುವ ಅದೇ ಜಾಗ. ಹುಡುಗ ಕುರ್ಚಿಯಿಂದ ಎದ್ದೇ ನಿಂತ. ಅಷ್ಟು ಹೊತ್ತು ಹೆದರಿಸಿದ ಊರೆಲ್ಲ ಒಂದೇ ಗಳಿಗೆಯಲ್ಲಿ ತಲೆಯೊಳಗೆ ನಕ್ಷೆಯಾಗಿ ಕೂತುಬಿಟ್ಟಿತ್ತು. ‘ಝೆಲ್ಡಾ’ ಆಟಗಳ ಸರಣಿಯ ಅನೇಕ ಡಂಜನ್‌ಗಳಲ್ಲಿ ನಡುದಾರಿಯಲ್ಲಿ ಒಂದು ಹೊಸ ಸಾಧನ ಸಿಗುತ್ತದೆ. ಮೊದಲು ದಾಟಲಾಗದೆ ಬಿಟ್ಟುಬಂದ ತಾವುಗಳೆಲ್ಲ ಅದರಿಂದ ತೆರೆಯುತ್ತವೆ. ಇದ್ದ ಗೋಡೆ ಇದ್ದಲ್ಲೇ ಇರುತ್ತದೆ, ನೋಡುವವನು ಬದಲಾಗಿರುತ್ತಾನೆ. ಭಯ ಪರಿಚಯವಾಗುವ ಆ ಗಳಿಗೆಯೇ ಡಂಜನ್‌ನ ನಿಜವಾದ ನಿಧಿ.

ಎಲ್ಲ ಡಂಜನ್‌ಗಳೂ ಹೀಗಿಲ್ಲ. ಒಂದೇ ಕೋಣೆಯನ್ನು ಹತ್ತು ಸಲ ಜೋಡಿಸಿಟ್ಟವುಗಳಿವೆ, ಸುಳಿವೇ ಕೊಡದೆ ಕೊಲ್ಲುವವುಗಳಿವೆ. ಅಂಥವನ್ನು ಹುಡುಗ ಅರ್ಧಕ್ಕೇ ಬಿಟ್ಟ. ಕಷ್ಟ ಹೆಚ್ಚಾಗಿ ಬಿಟ್ಟಿದ್ದಲ್ಲ. ಆ ಕಷ್ಟದಲ್ಲಿ ಕಲಿಯುವುದು ಏನೂ ಇರಲಿಲ್ಲ.

ನಾನು ಮಾನ್ವಿಯಲ್ಲಿ ಗಣಿತ ಕಲಿಸುತ್ತೇನೆ. ರಜೆ ಮುಗಿದ ಮೇಲೂ, ದಿನಾ ಬಸ್ಸಿನಲ್ಲಿ ಹೋಗಿಬರುವ ದಾರಿಯಲ್ಲಿ ಈ ಯೋಚನೆ ಬೆನ್ನು ಬಿಡಲಿಲ್ಲ. ಇಷ್ಟು ವರ್ಷ ನಾನು ಬರೆದ ಪ್ರಶ್ನೆಪತ್ರಿಕೆಗಳು ಎಂಥ ಕೋಟೆಗಳಾಗಿದ್ದವು? ಮೊದಲ ಲೆಕ್ಕವೇ ಎತ್ತರದ ಗೋಡೆ. ತಪ್ಪಿದ್ದಕ್ಕೆ ಕೆಂಪು ಗೀಟು, ಎಲ್ಲಿ ತಪ್ಪಿತು ಎಂಬ ಮಾತಿಲ್ಲ. ಕಠಿಣವಾಗಿರುವುದೇ ಶಿಸ್ತು ಎಂದು ನಂಬಿದ್ದೆ. ಮಕ್ಕಳು ದಡ್ಡರಿರಲಿಲ್ಲ, ಅವರು ಒಳಗೆ ಬರಲಿ ಎಂಬ ಆಸೆ ನನ್ನ ಗೋಡೆಗಳಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಹಾಗಾಗಿ ಈ ಸಲ ಬೀಜಗಣಿತದ ಪಾಠವನ್ನು ಬೇರೆ ರೀತಿ ಕಟ್ಟಿದೆ. ಲೆಕ್ಕಗಳನ್ನು ಸುಲಭ ಮಾಡಲಿಲ್ಲ. ಋಣ ಚಿಹ್ನೆ ತಪ್ಪಿಸುವ ಜಾಗವನ್ನು ಮೊದಲ ಲೆಕ್ಕದಲ್ಲೇ ಇಟ್ಟೆ, ಎಡವಿದರೆ ಕಣ್ಣಿಗೆ ಕಾಣುವಂತೆ. ಕೊನೆಯ ಲೆಕ್ಕ ಬಿಡಿಸಿದವರು ಅದರೊಳಗೆ ಮೊದಲನೆಯದನ್ನೇ ಮತ್ತೆ ಕಾಣುವಂತೆ ಮಾಡಿದೆ. ಗಣಿತದ ತಾಸಿನಲ್ಲಿ ತಲೆಯೆತ್ತದ ಒಬ್ಬ ಹುಡುಗಿ ಅವತ್ತು ಪಾಟಿ ಹಿಡಿದು ಬಂದಳು. ಉತ್ತರ ತಪ್ಪಿತ್ತು. ತಾನೇ ಬೆರಳಿಟ್ಟು ತೋರಿಸಿದಳು.

“ಇಲ್ಲಿ ತಪ್ಪೀನ್ರಿ ಸರ್. ಇನ್ನೊಮ್ಮೆ ಮಾಡ್ಲೇನ್ರಿ?”