‘ಬೋಧಕೇತರ’ ಎಂಬ ಪದ ಮತ್ತು ಕಾಯಕದ ಪ್ರಶ್ನೆ

ರೋಣ ಸೀಮೆಯ ಸವಡಿಯಂಥ ಊರಿನಿಂದ ಎಂ.ಬಿ.ಎ. ಓದಬೇಕೆಂದು ಹೊರಟವರಿಗೆ ಮುಂದಿರುವ ದಾರಿಗಳಲ್ಲಿ ಗದಗ ಮತ್ತು ಧಾರವಾಡದವೂ ಸೇರಿವೆ. ಗದಗಿನ ಮಗ್ಗುಲಿನ ನಾಗಾವಿಯಲ್ಲಿ, 2016ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ನಿರ್ವಹಣಾ ಅಧ್ಯಯನ ಸಂಸ್ಥೆಯಿದೆ. ಇಂಥ ವಿದ್ಯಾಸಂಸ್ಥೆಗಳು ಎಲ್ಲಿದ್ದರೂ ಸುತ್ತಲಿನ ಹಳ್ಳಿಗಳಿಂದ ಎರಡು ಬಗೆಯ ಜನ ಅಲ್ಲಿಗೆ ಹೋಗುತ್ತಾರೆ. ಕೆಲವರು ತರಗತಿಗೆ ಹೋಗುತ್ತಾರೆ. ಇನ್ನು ಕೆಲವರು ಆ ತರಗತಿಯ ಕಸ ಗುಡಿಸಲು, ಮೆಸ್ಸಿನಲ್ಲಿ ರೊಟ್ಟಿ ಬಡಿಯಲು, ಗೇಟು ಕಾಯಲು, ಫೈಲು ಒಯ್ಯಲು, ಗ್ರಂಥಾಲಯದ ಪುಸ್ತಕ ಜೋಡಿಸಲು ಹೋಗುತ್ತಾರೆ. ಈ ಎರಡನೆಯವರಿಗೆಲ್ಲ ನಮ್ಮ ಕಚೇರಿಯ ಕನ್ನಡ ಒಂದೇ ಹೆಸರಿಟ್ಟಿದೆ: ಬೋಧಕೇತರ ಸಿಬ್ಬಂದಿ. ನಾನು ಎತ್ತುವ ಪ್ರಶ್ನೆ ಆಡಳಿತದ್ದಾಗಿ ಕಂಡರೂ ಅದರ ಬೇರು ಧರ್ಮದಲ್ಲಿದೆ. ಕಾಯಕವನ್ನು ಪೂಜೆಗೆ ಸಮನಾಗಿ ನಿಲ್ಲಿಸಿದ ನೆಲದಲ್ಲಿ, ದುಡಿಮೆಯನ್ನು ನಿರ್ವಹಿಸುವುದು ಹೇಗೆಂದು ಕಲಿಸುವ ಒಂದು ಸಂಸ್ಥೆ ತನ್ನೊಳಗೇ ದುಡಿಯುವವರನ್ನು ಹೇಗೆ ಕಾಣಬೇಕು?

‘ಬೋಧಕೇತರ’ ಎಂದರೆ ಬೋಧಕರಲ್ಲದವರು. ಅಡುಗೆ ಮಾಡುವ ಹೆಂಗಸು ಏನು ಮಾಡುತ್ತಾಳೆ ಎಂಬುದನ್ನು ಈ ಪದ ಹೇಳುವುದಿಲ್ಲ, ಏನು ಮಾಡುವುದಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಒಬ್ಬ ಮನುಷ್ಯನನ್ನು ಅವನಲ್ಲಿ ಇಲ್ಲದ ಒಂದು ಗುಣದಿಂದ ಗುರುತಿಸುವುದು ಸಣ್ಣ ಸಂಗತಿಯಲ್ಲ. ಹನ್ನೆರಡನೆಯ ಶತಮಾನದ ಶರಣರು ಇದಕ್ಕೆ ನೇರ ವಿರುದ್ಧವಾದ ದಾರಿ ಹಿಡಿದರು. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ: ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಚೆಲ್ಲಿದ ಅಕ್ಕಿ ಆಯುವುದು ಇವರ ಹೆಸರಿಗೆ ಮೊದಲು ನಿಂತವು. ಯಾವ ಕಸುಬನ್ನು ಜಾತಿವ್ಯವಸ್ಥೆ ಕೀಳೆಂದು ಹಣೆಗೆ ಹಚ್ಚಿತ್ತೋ ಅದೇ ಕಸುಬನ್ನು ಇವರು ತಲೆಯ ಮೇಲೆ ಇಟ್ಟುಕೊಂಡರು. ನಿರ್ವಹಣಾಶಾಸ್ತ್ರದ ಮೂಲಗ್ರಂಥಗಳಲ್ಲೊಂದು ದುಡಿಯುವವರನ್ನು ಹೆಸರಿಸುವ ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿತು. ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಒಬ್ಬ ಕೂಲಿಯ ಕಥೆಯಿದೆ. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದವನು ಟೇಲರ್ ಹಾಕಿದ ಲೆಕ್ಕದಂತೆ ನಲವತ್ತೇಳೂವರೆ ಟನ್ ಹೊತ್ತ. ಅವನ ದಿನಗೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಹೊರೆ ಸುಮಾರು ನಾಲ್ಕು ಪಟ್ಟಾಯಿತು, ಕೂಲಿ ಎರಡು ಪಟ್ಟೂ ಆಗಲಿಲ್ಲ. ಪುಸ್ತಕ ಅವನನ್ನು ಶ್ಮಿಟ್ ಎಂದು ಕರೆಯಿತು. ಅದು ಅವನ ಹೆಸರಾಗಿರಲಿಲ್ಲ. ಅವನು ಹೆನ್ರಿ ನೋಲ್. ಒಂದು ಶಾಸ್ತ್ರದ ಬುನಾದಿಗೆ ಬೆನ್ನು ಕೊಟ್ಟವನು ಆ ಶಾಸ್ತ್ರದ ಪುಟದಲ್ಲಿ ತನ್ನ ಹೆಸರಿನಿಂದ ಉಳಿಯಲಿಲ್ಲ. ಯೋಚಿಸುವವರು ಬೇರೆ, ಹೊರುವವರು ಬೇರೆ ಎಂಬ ವಿಭಜನೆಗೆ ಆ ಪುಸ್ತಕ ಶಾಸ್ತ್ರದ ಮುದ್ರೆ ಒತ್ತಿತು. ‘ಬೋಧಕೇತರ’ ಎಂಬ ಪದವೂ ಅದೇ ಕುಲದ್ದು.

ವಿದ್ಯಾಸಂಸ್ಥೆಯ ಹಿಂದೆ ದುಡಿಯುವವರನ್ನು ಎಣಿಸುವ ವಾಡಿಕೆ ಕನ್ನಡನಾಡಿಗೆ ಹೊಸದಲ್ಲ. ಗದಗಿನ ನಾಗಾವಿಯ ಹೆಸರನ್ನೇ ಹೊತ್ತ ಇನ್ನೊಂದು ನಾಗಾವಿ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇದೆ. ಅಲ್ಲಿನ ಘಟಿಕಾಸ್ಥಾನದ 1058ರ ಶಾಸನ ಇನ್ನೂರು ವೇದವಿದ್ಯಾರ್ಥಿಗಳನ್ನೂ ಶಾಸ್ತ್ರ ಓದುವವರನ್ನೂ ಅವರ ಉಪಾಧ್ಯಾಯರನ್ನೂ ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಅದೇ ಕಲ್ಲಿನಲ್ಲಿ ಕಾಣಿಸುತ್ತದೆ. ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ, 945ರ ಸಾಲೋಟಗಿ ಶಾಸನ ವಿದ್ಯಾರ್ಥಿಗಳು ಇಳಿದುಕೊಳ್ಳಲು ಇಪ್ಪತ್ತೇಳು ಮನೆಗಳನ್ನು ಹೇಳುತ್ತದೆ, ದೀಪದ ಎಣ್ಣೆಗೆಂದೇ ಹನ್ನೆರಡು ನಿವರ್ತನ ಭೂಮಿಯನ್ನು ತೆಗೆದಿಡುತ್ತದೆ. ವಿದ್ಯೆಗೆ ಗುರುವಿನ ಬಾಯಿ ಮಾತ್ರ ಸಾಲದು, ಬೆಳಕು ಬೇಕು, ಸೂರು ಬೇಕು, ಗ್ರಂಥವನ್ನು ಗೆದ್ದಲಿನಿಂದ ಕಾಯುವ ಕೈ ಬೇಕು ಎಂಬ ಅರಿವು ಇಲ್ಲಿ ದತ್ತಿಯ ರೂಪ ಪಡೆದಿದೆ. ಆದರೆ ಈ ಶಾಸನಗಳನ್ನು ಹೊಗಳಿ ಸುಮ್ಮನಾದರೆ ಅಪ್ರಾಮಾಣಿಕತೆಯಾಗುತ್ತದೆ. ಅವು ವರ್ಣವ್ಯವಸ್ಥೆಯ ಒಳಗೆ, ಕೆಲವೇ ಜನರ ಓದಿಗಾಗಿ ಕೆತ್ತಿದ ಕಲ್ಲುಗಳು. ದೀಪಕ್ಕೆ ಭೂಮಿ ಬಿಟ್ಟ ಕಲ್ಲು ಅಂಗಳ ಗುಡಿಸಿದವಳ ಹೆಸರು ಬರೆಯಲಿಲ್ಲ. ಆ ಖಾಲಿ ಜಾಗವನ್ನು ಮುಂದಿನ ಶತಮಾನದ ಶರಣರು ತುಂಬಿದರು. ಭಕ್ತರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನ ವಚನಗಳು ಇಂದಿಗೂ ನಮ್ಮ ಕೈಯಲ್ಲಿವೆ. ಕಸಬರಿಗೆ ಹಿಡಿದ ಕೈಗೂ ತತ್ತ್ವ ಹೇಳುವ ಬಾಯಿಗೂ ನಡುವೆ ಇದ್ದ ಗೋಡೆ ಅಲ್ಲಿ ಬಿತ್ತು.

ಆ ಗೋಡೆಯನ್ನು ಬೀಳಿಸಿದ್ದು ಬರಿಯ ಕರುಣೆಯಲ್ಲ, ಒಂದು ದೇವರ ಕಲ್ಪನೆ. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವನ್ನು ನೋಡಿ. ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗ ಜಾರಿ ನೀರಿಗೆ ಬಿತ್ತು; ಚಂದಯ್ಯ ಅದನ್ನು ಬಿಟ್ಟು ತನ್ನ ಹುಲ್ಲು ಹೊತ್ತು ನಡೆದ; ಲಿಂಗವೇ ಅವನ ಬೆನ್ನು ಹತ್ತಿತು, ಕೊನೆಗೆ ಅವನು ಹೊಸೆದ ಹಗ್ಗವನ್ನು ಮಾರಲು ಹೋಯಿತು. ದೇವರೂ ಕಾಯಕಕ್ಕೆ ಹೊರತಲ್ಲ ಎಂದಾದ ಮೇಲೆ ಕಾಯಕದಲ್ಲಿ ಮೇಲು ಕೀಳು ಎಲ್ಲಿ ಉಳಿದೀತು? ಜೊತೆಗೆ ದಾಸೋಹವಿದೆ. ದುಡಿದದ್ದನ್ನು ಸಮುದಾಯಕ್ಕೆ ಒಪ್ಪಿಸುವ ಈ ತತ್ತ್ವ ದುಡಿಯುವವನಿಗೆ ಎಷ್ಟು ಅನ್ವಯಿಸುತ್ತದೋ ದುಡಿಸಿಕೊಳ್ಳುವವನಿಗೆ ಅದಕ್ಕಿಂತ ಹೆಚ್ಚು ಅನ್ವಯಿಸುತ್ತದೆ. ಈ ಎರಡನ್ನೂ ಸೇರಿಸಿ ಓದಿದಾಗ ನನ್ನ ವಾದ ಸ್ಪಷ್ಟವಾಗುತ್ತದೆ. ಕಾಯಕತತ್ತ್ವವು ಕೆಲಸದವರಿಗೆ ಹೇಳುವ ಸಮಾಧಾನದ ಮಾತಾಗಿ ಹುಟ್ಟಲಿಲ್ಲ. ಕೆಲಸ ಮಾಡಿಸಿಕೊಳ್ಳುವ ಮನೆ, ಮಠ, ಸಂಸ್ಥೆಗಳನ್ನು ಒರೆಗೆ ಹಚ್ಚುವ ಕಲ್ಲು ಅದು. ಹೆಸರು ಹಿಡಿದು ಗುರುತಿಸಿದೆಯೇ, ನ್ಯಾಯವಾದ ಪಾಲು ಕೊಟ್ಟಿದೆಯೇ, ಮಾತಿಗೆ ಕಿವಿ ಕೊಟ್ಟಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಅದು ಕೇಳುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಧರ್ಮಗ್ರಂಥಗಳ ಕಡೆಯಿಂದಲೇ ಬರುತ್ತದೆ. ಫಲದ ಆಸೆ ಬಿಟ್ಟು ಕರ್ಮ ಮಾಡು ಎಂದು ಗೀತೆ ಹೇಳುವುದಿಲ್ಲವೇ? ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಸುರಿದು ಬರಲು ಹೇಳಲಿಲ್ಲವೇ? ಇಷ್ಟು ತೃಪ್ತಿಯನ್ನು ಕಲಿಸುವ ಪರಂಪರೆಯ ಹೆಸರಿನಲ್ಲಿ ಕೂಲಿಯ ಪ್ರಶ್ನೆ ಎತ್ತುವುದು ಸರಿಯೇ? ಈ ಆಕ್ಷೇಪಕ್ಕೆ ತೂಕವಿದೆ, ಏಕೆಂದರೆ ತೃಪ್ತಿ ನಿಜವಾಗಿಯೂ ದೊಡ್ಡ ಗುಣ. ಆದರೆ ಯಾರು ಯಾರಿಗೆ ಹೇಳಿದರು ಎಂಬುದನ್ನು ಮರೆಯಬಾರದು. ಗೀತೆಯ ಮಾತು ಕರ್ಮ ಮಾಡಬೇಕಾದವನ ಅಂತರಂಗಕ್ಕೆ ಹೇಳಿದ್ದು; ಕೂಲಿ ಬಟವಾಡೆ ಮಾಡುವವನ ಕೈಗೆ ಕೊಟ್ಟ ಅಳತೆಗೋಲಲ್ಲ. ಲಕ್ಕಮ್ಮ ತಿರುಗಿಸಿದ್ದು ತನ್ನ ಮನೆಗೆ ಬಂದ ಅಕ್ಕಿಯನ್ನು. ಬೇರೆಯವರ ಮಡಿಲಿನ ಅಕ್ಕಿಯನ್ನು ಅವಳು ಕಡಿಮೆ ಮಾಡಲಿಲ್ಲ. ಬೇಡವೆನ್ನುವ ಸ್ವಾತಂತ್ರ್ಯ ಇದ್ದವಳ ತೃಪ್ತಿ ಅದು. ತನಗೆ ತಾನೇ ಹಾಕಿಕೊಂಡ ವ್ರತವನ್ನು ಇನ್ನೊಬ್ಬರ ಹೊಟ್ಟೆಯ ಮೇಲೆ ಹೇರಿದರೆ ಅದು ವ್ರತವಾಗಿ ಉಳಿಯುವುದಿಲ್ಲ. ಗೀತೆಯನ್ನೂ ವಚನಗಳನ್ನೂ ನಾಯಕತ್ವದ ಪಾಠಗಳಾಗಿ ಬೋಧಿಸುವಾಗ ಈ ಎಚ್ಚರ ತಪ್ಪಿದರೆ, ತ್ಯಾಗದ ಮಾತು ಕೆಳಗಿನವರಿಗೂ ಫಲದ ಮಾತು ಮೇಲಿನವರಿಗೂ ಹಂಚಿಹೋಗುತ್ತದೆ.

ಎರಡನೆಯ ಆಕ್ಷೇಪ ವಿವೇಕದ ದನಿಯಲ್ಲಿ ಬರುತ್ತದೆ. ಪ್ರಾಧ್ಯಾಪಕರ ಇಪ್ಪತ್ತು ವರ್ಷದ ವ್ಯಾಸಂಗವೂ ಸಿಪಾಯಿಯ ಕೆಲಸವೂ ಒಂದೇ ಎನ್ನಲಾಗದು. ವ್ಯತ್ಯಾಸವಿಲ್ಲದೆ ಸಂಸ್ಥೆ ನಡೆಯದು. ಒಪ್ಪುತ್ತೇನೆ. ಕೆಲಸಗಳು ಬೇರೆ, ಅವಕ್ಕೆ ಬೇಕಾದ ತಯಾರಿ ಬೇರೆ, ಸಂಬಳವೂ ಬೇರೆಯಾಗಬಹುದು. ಶರಣರ ಕಲ್ಯಾಣದಲ್ಲಿಯೂ ಎಲ್ಲರೂ ಒಂದೇ ಕಸುಬು ಮಾಡಲಿಲ್ಲ. ಬಸವಣ್ಣ ಭಂಡಾರಿಯಾಗಿಯೇ ಇದ್ದ, ಮಾಚಯ್ಯ ಬಟ್ಟೆ ಒಗೆಯುತ್ತಲೇ ಇದ್ದ. ಆದರೆ ತಪ್ಪು ಕಂಡಾಗ ಮಾಚಯ್ಯ ಬಸವಣ್ಣನನ್ನೂ ತಿದ್ದಬಲ್ಲವನಾಗಿದ್ದ ಎಂದು ಶರಣರ ಕಥೆಗಳು ಸಾರುತ್ತವೆ. ಕೆಲಸದ ಭೇದ ಉಳಿದು ಘನತೆಯ ಭೇದ ಅಳಿಯುವುದು ಸಾಧ್ಯ ಎಂಬುದಕ್ಕೆ ಗದಗಿನಲ್ಲಿ ಹತ್ತಿರದ ಸಾಕ್ಷಿಯೂ ಇದೆ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಸಂಗೀತದ ಮಹಾಗುರು. ಅಂಧ ಮತ್ತು ಬಡ ಮಕ್ಕಳ ಊಟಕ್ಕಾಗಿ ಅವರೇ ಊರೂರು ತಿರುಗಿದರು, ನಾಟಕ ಕಂಪನಿ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಅದೇ ಹೊರೆಯನ್ನು 2010ರವರೆಗೆ ಹೊತ್ತರು. ಪಾಠ ಹೇಳುವುದು ದೊಡ್ಡದು, ಅನ್ನ ಹೊಂದಿಸುವುದು ಚಿಕ್ಕದು ಎಂಬ ಲೆಕ್ಕ ಅಲ್ಲಿ ಹುಟ್ಟಲೇ ಇಲ್ಲ.

ಮೂರನೆಯ ಆಕ್ಷೇಪ ನಮ್ಮ ಕಾಲದ್ದು, ಮತ್ತು ಅತ್ಯಂತ ಜಾಣತನದ್ದು. ಈ ಬೋಧಕೇತರರು ಸಂಸ್ಥೆಯ ನೌಕರರೇ ಅಲ್ಲ, ಹೊರಗುತ್ತಿಗೆಯವರು, ಇವರ ಸಂಬಳ, ರಜೆ, ಭವಿಷ್ಯನಿಧಿ ಎಲ್ಲ ಏಜೆನ್ಸಿಗೆ ಬಿಟ್ಟದ್ದು ಎನ್ನುತ್ತದೆ ಅದು. ವೆಚ್ಚದ ದೃಷ್ಟಿಯಿಂದ ಸಂಸ್ಥೆಗಳು ಗುತ್ತಿಗೆಗೆ ಹೋಗುವ ಒತ್ತಡ ನಿಜ. ಆದರೆ ಗುತ್ತಿಗೆ ಪತ್ರದಿಂದ ಹೊಣೆ ಕೈಬಿಡುತ್ತದೆ ಎಂಬುದನ್ನು ಕಾನೂನೇ ಒಪ್ಪಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಪ್ರಧಾನ ಮಾಲೀಕನೇ ಕೊಡಬೇಕೆಂದು ಹೇಳಿತು. ಕಾನೂನಿನ ಈ ಕನಿಷ್ಠವನ್ನು ಧರ್ಮ ಇನ್ನೂ ಮುಂದಕ್ಕೆ ಒಯ್ಯುತ್ತದೆ. ದಾಸೋಹದ ಮನೆಯಲ್ಲಿ ಉಂಡವನು, ಬಡಿಸಿದವಳು ಯಾರ ಕಡೆಯವಳೋ ನನಗೆ ತಿಳಿಯದು ಎನ್ನುವಂತಿಲ್ಲ. ಯಾರ ಕೈಯ ಅನ್ನದಿಂದ, ಯಾರು ಒರೆಸಿದ ಬೆಂಚಿನಿಂದ ಸಂಸ್ಥೆಯ ದಿನ ಶುರುವಾಗುತ್ತದೋ ಅವರೊಂದಿಗೆ ಅದರ ಸಂಬಂಧ ಆಗಿಯೇ ಹೋಗಿದೆ. ನಡುವೆ ಒಂದು ಕಾಗದ ಇಟ್ಟ ಮಾತ್ರಕ್ಕೆ ಆ ಋಣ ತೀರುವುದಿಲ್ಲ.

ಉಳಿದದ್ದು ಮಾತಿನ ಪ್ರಶ್ನೆ. ಆಡಳಿತದ ಸಭೆಯಲ್ಲಿ ಅಡುಗೆಯವರು, ಕಾವಲಿನವರು ಕೂತು ಏನು ಹೇಳಿಯಾರು ಎಂಬ ಅನುಮಾನ ಹಲವರಿಗಿದೆ. ಗದಗ ಸೀಮೆಯ ಇತಿಹಾಸವೇ ಇದಕ್ಕೆ ಉತ್ತರ ಕೊಟ್ಟಿದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ, ಹಣದ ವ್ಯವಹಾರವನ್ನು ಒಕ್ಕಲಿಗರು ತಾವೇ ನಡೆಸಬಲ್ಲರೇ ಎಂಬ ಸಂಶಯ ಏಳಬಹುದಾಗಿತ್ತು. ಸಾಹುಕಾರನ ಬಡ್ಡಿಯ ಭಾರ ಏನೆಂದು ಹೊತ್ತವರಿಗೇ ಗೊತ್ತಿತ್ತು. ಆ ತಿಳಿವಳಿಕೆಯೇ ಸಹಕಾರದ ಬಂಡವಾಳವಾಯಿತು. ದೇಶದ ಸಹಕಾರಿ ಚಳವಳಿ ಇಂದು ಆ ಹಳ್ಳಿಯನ್ನು ತನ್ನ ತವರೆಂದು ನೆನೆಯುತ್ತದೆ. ಕಾನೂನೂ ಇದೇ ದಿಕ್ಕಿನಲ್ಲಿದೆ: 1976ರ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 43ಎ ವಿಧಿ, ಉದ್ಯಮಗಳ ನಿರ್ವಹಣೆಯಲ್ಲಿ ಕಾರ್ಮಿಕರೂ ಭಾಗವಹಿಸುವಂತೆ ನೋಡಿಕೊಳ್ಳಲು ರಾಜ್ಯಕ್ಕೆ ಹೇಳಿದೆ. ಎಷ್ಟು ಅನ್ನ ತಟ್ಟೆಯಲ್ಲಿ ಉಳಿದು ತಿಪ್ಪೆಗೆ ಹೋಗುತ್ತದೆಂದು ಮೆಸ್ಸಿನವಳಿಗೆ ಗೊತ್ತು. ಯಾವ ಹುಡುಗ ಮೂರು ದಿನದಿಂದ ಊಟಕ್ಕೆ ಬಂದಿಲ್ಲವೆಂದೂ ಅವಳಿಗೇ ಮೊದಲು ಗೊತ್ತಾಗುತ್ತದೆ. ಯಾವ ಪುಸ್ತಕದ ಪುಟಗಳು ಯಾರೂ ತೆರೆಯದೆ ಅಂಟಿಕೊಂಡಿವೆ ಎಂಬುದನ್ನು ಗ್ರಂಥಾಲಯದ ಸಹಾಯಕ ಹೇಳಬಲ್ಲ. ಇದೂ ನಿರ್ವಹಣೆಯ ಜ್ಞಾನವೇ. ಇದನ್ನು ಕೇಳದ ಸಂಸ್ಥೆ ಅನ್ಯಾಯದ ಜೊತೆಗೆ ಅಜ್ಞಾನವನ್ನೂ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಆರಂಭ ಎಲ್ಲಿಂದ? ಆ ಪದದಿಂದಲೇ ಆಗಲಿ. ‘ಬೋಧಕೇತರ’ ಎಂಬ ಶೀರ್ಷಿಕೆಯನ್ನು ತೆಗೆದು, ಅಡುಗೆ, ಸ್ವಚ್ಛತೆ, ಕಾವಲು, ಗ್ರಂಥಾಲಯ, ಕಚೇರಿ ಎಂದು ಅವರವರ ಕಾಯಕದ ಮುಂದೆ ಅವರವರ ಹೆಸರು ಬರೆಯಲಿ. ಗುತ್ತಿಗೆಯವರೂ ಆ ಪಟ್ಟಿಯಲ್ಲಿ ಇರಲಿ. ಹೆಸರು ಬರೆದ ಮೇಲೆ ಅವರ ಸಂಬಳ ಸಮಯಕ್ಕೆ ಸೇರಿದೆಯೇ ಎಂದು ಕೇಳದೆ ಇರುವುದು ಕಷ್ಟವಾಗುತ್ತದೆ. ಸಂಬಳ ಕೇಳಿದ ಮೇಲೆ ಅವರ ಮಾತು ಕೇಳದಿರುವುದು ಇನ್ನೂ ಕಷ್ಟ. ನಿರ್ವಹಣೆ ಓದಿದ ಸವಡಿಯ ಹುಡುಗಿ ನಾಳೆ ಯಾವುದೋ ಕಂಪನಿಯ ಮ್ಯಾನೇಜರ್ ಆದಾಗ, ಅವಳ ಕೋಣೆ ಗುಡಿಸಲು ಬರುವವಳು ಸೂಡಿಯವಳೋ ನರೇಗಲ್ಲಿನವಳೋ ಆಗಿರಬಹುದು. ಅವಳನ್ನು ಹೆಸರು ಹಿಡಿದು ಕರೆಯುವ ಅಭ್ಯಾಸವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಓದಿದ ಎರಡು ವರ್ಷ ತನ್ನ ಸಂಸ್ಥೆಯ ಕಾರಿಡಾರಿನಲ್ಲಿ ಆ ಹುಡುಗಿ ದಿನವೂ ಏನನ್ನು ಕಂಡಳೋ ಅದೇ ಅವಳು ಕಲಿತ ನಿರ್ವಹಣೆ.