ಕೆಂಡದ ಎದುರು ಪೇತ್ರ

ಹಾಸ್ಟೆಲಿನಲ್ಲಿದ್ದಾಗ ಜೊತೆಯವನ ಟ್ರಂಕಿನಿಂದ ಪರೀಕ್ಷೆ ಫೀಸಿನ ಹಣ ಕದ್ದಿದ್ದೆ. ಅನುಮಾನ ಬಿದ್ದದ್ದು ಮೆಸ್ಸಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗನ ಮೇಲೆ. ಅವನನ್ನು ಕೆಲಸದಿಂದ ತೆಗೆದ ದಿನ ಮಹಡಿಯ ಮೇಲಿಂದ ನೋಡುತ್ತ ನಿಂತಿದ್ದೆ. ಕೆಲವು ತಿಂಗಳಾದ ಮೇಲೆ ಹಣವನ್ನು ಹೆಸರಿಲ್ಲದ ಕವರಿನಲ್ಲಿ ಹಿಂದಿರುಗಿಸಿ, ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿದೆ. ಫಾದರ್ ಕ್ಷಮೆಯ ಮಾತು ಹೇಳಿದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದೇ ಪಾಪವನ್ನು ಬೇರೆ ಬೇರೆ ಊರಿನ ಗುರುಗಳ ಮುಂದೆ ವರ್ಷಗಟ್ಟಲೆ ಹೇಳಿಕೊಂಡೆ. ಕೊನೆಗೆ ವಯಸ್ಸಾದ ಒಬ್ಬರು, "ನೋಡಪ್ಪ, ದೇವರು ಮುಚ್ಚಿಟ್ಟ ಫೈಲನ್ನು ನೀನು ಯಾಕೆ ಪದೇ ಪದೇ ತೆಗೀತೀಯ?" ಎಂದರು.

ಮಾರ್ಟಿನ್ ಲೂಥರನಿಗೂ ಈ ಕಾಯಿಲೆಯಿತ್ತು. 1505ರಲ್ಲಿ ಎರ್ಫರ್ಟಿನ ಮಠ ಸೇರಿದ ಅವನು ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ, ಏನನ್ನೋ ಬಿಟ್ಟೆನೆಂದು ಮತ್ತೆ ಓಡಿ ಬರುತ್ತಿದ್ದನಂತೆ. ಅವನ ಹಿರಿಯ ಸ್ಟೌಪಿಟ್ಸ್‌ಗೆ ಸಾಕುಸಾಕಾಗಿತ್ತು.

ಸುವಾರ್ತೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದವನು ಯೂದ. ಮತ್ತಾಯನು ಹೇಳುವಂತೆ ಅವನು ಪಶ್ಚಾತ್ತಾಪಪಟ್ಟ, ತಪ್ಪನ್ನು ಮಹಾಯಾಜಕರ ಮುಂದೆ ಒಪ್ಪಿಕೊಂಡ, ಮೂವತ್ತು ಬೆಳ್ಳಿ ನಾಣ್ಯಗಳನ್ನು ವಾಪಸ್ಸು ಕೊಟ್ಟ. ಅದು ನಮಗೇನು ಎಂದು ಅವರು ಕೈತೊಳೆದುಕೊಂಡರು. ಪೇತ್ರ ಇದ್ಯಾವುದನ್ನೂ ಮಾಡಲಿಲ್ಲ, ಹೊರಗೆ ಹೋಗಿ ಅತ್ತ ಅಷ್ಟೆ. ಲೆಕ್ಕ ಹಾಕಿದರೆ ಯೂದನೇ ಹೆಚ್ಚು ಮಾಡಿದವನು. ಆದರೆ ತೀರ್ಪನ್ನೂ ಅವನೇ ಬರೆದುಕೊಂಡ, ಶಿಕ್ಷೆಯನ್ನೂ ಅವನೇ ಕೊಟ್ಟುಕೊಂಡ. ಪೇತ್ರ ನಾಚಿಕೆಯನ್ನು ಹೊತ್ತುಕೊಂಡೇ ಗೆಳೆಯರ ನಡುವೆ ಉಳಿದ, ಮೀನು ಹಿಡಿಯಲು ಹೋದ.

ಯೊವಾನ್ನನ ಸುವಾರ್ತೆಯಲ್ಲಿ ಇನ್ನೊಂದು ಸಂಗತಿಯಿದೆ. ಇದ್ದಲ ಬೆಂಕಿಗೆ ಅಲ್ಲಿ ಬಳಸಿರುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು, ಮಹಾಯಾಜಕನ ಅಂಗಳದಲ್ಲಿ ಪೇತ್ರ ಚಳಿ ಕಾಯಿಸುತ್ತ ಯೇಸುವನ್ನು ಅರಿಯೆನೆಂದ ಜಾಗ. ಇನ್ನೊಂದು, ಪುನರುತ್ಥಾನದ ನಂತರ ಯೇಸು ದಡದಲ್ಲಿ ಮೀನು ಸುಡುತ್ತಿದ್ದ ಜಾಗ. ಅದೇ ಹೊಗೆಯ ವಾಸನೆ ಪೇತ್ರನ ಮೂಗಿಗೆ ಬಡಿದಿರಬೇಕು. ಆಗಿದ್ದು ಆಗಿಹೋಯಿತು, ಮರೆತುಬಿಡು ಎಂದು ಯೇಸು ಅನ್ನಲಿಲ್ಲ. ಮೂರು ಸಲ ಅಲ್ಲಗಳೆದವನನ್ನು ಮೂರು ಸಲ ಕೇಳಿದ, ನನ್ನ ಮೇಲೆ ಪ್ರೀತಿ ಇದೆಯೇ ಎಂದು. ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಯಿತು. ಆದರೂ ಪ್ರತಿ ಉತ್ತರಕ್ಕೂ ಒಂದು ಕೆಲಸ ಸಿಕ್ಕಿತು: ಕುರಿಗಳನ್ನು ನೋಡಿಕೋ.

ನನ್ನ ಅಷ್ಟೂ ಪಾಪನಿವೇದನೆಗಳಲ್ಲಿ ಆ ಹುಡುಗ ಎಲ್ಲಿದ್ದ? ಅಳುತ್ತಿದ್ದದ್ದೆಲ್ಲ ನನ್ನ ಆತ್ಮಕ್ಕೆ ಬಿದ್ದ ಕಲೆಗಾಗಿ. ಅವನ ಊರು ಯಾವುದೆಂದು ಕೂಡ ಕೇಳಿರಲಿಲ್ಲ. ವಿನಯವೆಂದು ನಾನು ತಿಳಿದದ್ದರಲ್ಲಿ ಅಹಂಕಾರವೇ ಹೆಚ್ಚಿತ್ತೇನೋ.

ಹೋದ ತಿಂಗಳು ಮೆಸ್ಸಿನ ಹಳೆಯ ಅಡುಗೆಯವರನ್ನು ಹುಡುಕಿಕೊಂಡು ಹೋದೆ. "ಅವನು ಕದ್ದಿಲ್ಲ ಅಂತ ನಮಗೆ ಆಗ್ಲೇ ಗೊತ್ತಿತ್ತು ಸಾರ್" ಎಂದು ಹೇಳಿ ಅವನ ಹಳ್ಳಿಯ ಹೆಸರು ಬರೆದುಕೊಟ್ಟರು. ಈ ಭಾನುವಾರ ಬಲಿಪೂಜೆ ಮುಗಿಸಿಕೊಂಡು ಹೊರಡುತ್ತೇನೆ. ಅವನು ಬಾಗಿಲು ತೆಗೆಯಬಹುದು, ಮುಖಕ್ಕೆ ಹಾಕಿಯೂ ಬಿಡಬಹುದು. ಅದನ್ನು ತೀರ್ಮಾನಿಸುವವನು ನಾನಲ್ಲ.